ಎಕ್ಸ್‌ಎಂಎಲ್ ಒಳಗೆ ಇಟ್ಟ ಬಳಕೆದಾರರ ಎಚ್‌ಟಿಎಂಎಲ್ ಪುಟದಲ್ಲಿ ಟ್ಯಾಗ್ ಸಮೇತ ಕಾಣುತ್ತಿದೆ, ಸರಿಯಾದ ದಾರಿ ಯಾವುದು?

ಹೊಸಪುಟ

ಎಲ್ಲರಿಗೂ ನಮಸ್ಕಾರ. ನಮ್ಮ ವ್ಯವಸ್ಥೆಯಲ್ಲಿ ಬಳಕೆದಾರರು ಬ್ರೌಸರ್‌ನಲ್ಲಿರುವ ಎಡಿಟರ್‌ನಲ್ಲಿ ಟಿಪ್ಪಣಿ ಬರೆಯುತ್ತಾರೆ. ಅಕ್ಷರ ದಪ್ಪ ಮಾಡುತ್ತಾರೆ, ಪಟ್ಟಿ ಹಾಕುತ್ತಾರೆ, ಲಿಂಕ್ ಕೊಡುತ್ತಾರೆ. ಎಡಿಟರ್ ಕೊಟ್ಟ ಎಚ್‌ಟಿಎಂಎಲ್ ಅನ್ನು ಹಾಗೇ ಎತ್ತಿ ಎಕ್ಸ್‌ಎಂಎಲ್ ಕಡತದ ‘ವಿವರ’ ಎನ್ನುವ ಎಲಿಮೆಂಟ್‌ಗೆ ಸೇರಿಸುತ್ತೇವೆ. ತೋರಿಸುವಾಗ ಸರ್ವರ್‌ನಲ್ಲಿ ಎಕ್ಸ್‌ಎಸ್‌ಎಲ್‌ಟಿ 1.0 (ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ಬದಲಿಸುವ ಭಾಷೆ) ಓಡಿಸಿ ಪುಟ ತಯಾರಿಸುತ್ತೇವೆ. ಕೋಡ್ ಜಾವಾದಲ್ಲಿದೆ.

ಕೆಲವು ಟಿಪ್ಪಣಿಗಳು ಚೆನ್ನಾಗಿ ಬರುತ್ತವೆ. ಕೆಲವು ಬಂದಾಗ ಪಾರ್ಸರ್ (ಕಡತ ಓದುವ ಪ್ರೋಗ್ರಾಂ) ಇಡೀ ಕಡತವನ್ನೇ ಬೇಡ ಎನ್ನುತ್ತದೆ. ಮುಚ್ಚದ ಬಿಆರ್ ಟ್ಯಾಗ್ ಇದ್ದರೆ ನಿಲ್ಲುತ್ತದೆ, ಎನ್‌ಬಿಎಸ್‌ಪಿ (ಸಾಲು ಮುರಿಯದ ಖಾಲಿ ಜಾಗ) ಎನ್ನುವ ಎಂಟಿಟಿ, ಅಂದರೆ ಅಕ್ಷರದ ಬದಲು ಬರೆಯುವ ಹೆಸರು, ಸಿಕ್ಕರೂ ನಿಲ್ಲುತ್ತದೆ. ತಂಡದಲ್ಲಿ ಒಬ್ಬರು ಎಲ್ಲವನ್ನೂ ಎಸ್ಕೇಪ್ ಮಾಡಿ, ಅಂದರೆ ಟ್ಯಾಗ್‌ನ ಚಿಹ್ನೆಗಳನ್ನು ಸಂಕೇತಗಳಾಗಿ ಬದಲಿಸಿ, ಇಡೋಣ ಎಂದರು. ಪಾರ್ಸರ್ ತಕರಾರು ನಿಂತಿತು, ಆದರೆ ಪರದೆಯ ಮೇಲೆ ದಪ್ಪ ಅಕ್ಷರದ ಜಾಗದಲ್ಲಿ ಬಿ ಟ್ಯಾಗೇ ಕಾಣುತ್ತಿದೆ. ಇನ್ನೊಬ್ಬರ ಸಲಹೆಯಂತೆ ಸಿಡೇಟಾದಲ್ಲಿ, ಅಂದರೆ ಒಳಗಿನದನ್ನು ಪಾರ್ಸರ್ ಟ್ಯಾಗ್ ಎಂದು ಓದದ ವಿಭಾಗದಲ್ಲಿ, ಸುತ್ತಿ ನೋಡಿದೆವು, ಫಲಿತಾಂಶ ಅದೇ. ಕೊನೆಗೆ ಪಠ್ಯ ಬರೆಯುವ ಆದೇಶವಾದ ವ್ಯಾಲ್ಯೂ-ಆಫ್ ಮೇಲೆ ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್ (ಬರೆಯುವಾಗ ಎಸ್ಕೇಪ್ ಮಾಡಬೇಡ ಎನ್ನುವ ಸೂಚನೆ) ಹಾಕಿದಾಗ ಸರಿಯಾಗಿ ಬಂತು. ಇದನ್ನೇ ನಂಬಿಕೊಂಡು ಮುಂದೆ ಹೋಗಬಹುದಾ?

ಮರದಕೊಂಬೆ

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮ್ಮ ‘ವಿವರ’ದ ಒಳಗೆ ಇರುವುದು ಎಕ್ಸ್‌ಎಂಎಲ್ ದೃಷ್ಟಿಯಲ್ಲಿ ಬರೀ ಪಠ್ಯವೋ, ಅಥವಾ ಮರದ, ಅಂದರೆ ಒಂದರೊಳಗೊಂದು ಇರುವ ಎಲಿಮೆಂಟ್‌ಗಳ ರಚನೆಯ, ಭಾಗವೋ? ಎರಡಕ್ಕೂ ದಾರಿ ಇದೆ. ನೀವು ಹೇಳಿದ ತೊಂದರೆಗಳೆಲ್ಲ ಬಂದಿರುವುದು ಇಡುವಾಗ ಒಂದು, ತೆಗೆಯುವಾಗ ಇನ್ನೊಂದು ಎಂದು ಎಣಿಸಿದ್ದರಿಂದ.

ಮರದ ಭಾಗ ಎಂದು ಇಡುವುದಾದರೆ ಒಳಗಿನದು ಪೂರ್ತಿ ವೆಲ್-ಫಾರ್ಮ್ಡ್ ಆಗಿರಲೇಬೇಕು. ಪ್ರತಿ ಟ್ಯಾಗ್ ಮುಚ್ಚಿರಬೇಕು, ಪ್ರತಿ ಆಟ್ರಿಬ್ಯೂಟ್‌ಗೆ ಉದ್ಧರಣ ಚಿಹ್ನೆ ಇರಬೇಕು, ದೊಡ್ಡಕ್ಷರದಲ್ಲಿ ತೆರೆದಿದ್ದನ್ನು ಸಣ್ಣಕ್ಷರದಲ್ಲಿ ಮುಚ್ಚುವ ಹಾಗಿಲ್ಲ. ಹೆಸರಿನ ಎಂಟಿಟಿಗಳ ವಿಷಯದಲ್ಲಿ 1998ರ ಎಕ್ಸ್‌ಎಂಎಲ್ 1.0 ಶಿಫಾರಸು ಬಹಳ ಬಿಗಿ. ಎಲ್‌ಟಿ, ಜಿಟಿ, ಎಎಂಪಿ, ಕ್ವಾಟ್, ಅಪಾಸ್ ಈ ಐದು ಬಿಟ್ಟರೆ ಬೇರೆ ಯಾವುದೂ ಅದಕ್ಕೆ ತಾನಾಗಿ ಗೊತ್ತಿಲ್ಲ. ಎಚ್‌ಟಿಎಂಎಲ್ 4ರಲ್ಲೇ 252 ಇದ್ದವು, ಈಗಿನ ಎಚ್‌ಟಿಎಂಎಲ್‌ನಲ್ಲಿ ಎರಡು ಸಾವಿರ ದಾಟಿವೆ. ಎನ್‌ಬಿಎಸ್‌ಪಿ ಕಂಡಾಗ ಪಾರ್ಸರ್ ನಿಂತದ್ದು ಅದಕ್ಕೇ. ಅದೇ ಜಾಗದಲ್ಲಿ &#160; ಇದ್ದಿದ್ದರೆ ಓದಿಕೊಳ್ಳುತ್ತಿತ್ತು.

ಪಠ್ಯ ಎಂದು ಇಡುವುದಾದರೆ ಎಸ್ಕೇಪ್ ಆದರೂ ಒಂದೇ, ಸಿಡೇಟಾ ಆದರೂ ಒಂದೇ. ಪಾರ್ಸರ್ ಓದಿ ಮುಗಿಸಿದ ಮೇಲೆ ಈ ಎರಡರಲ್ಲಿ ಯಾವುದಿತ್ತು ಎನ್ನುವುದು ಎಕ್ಸ್‌ಎಸ್‌ಎಲ್‌ಟಿಗೆ ತಿಳಿಯುವುದೇ ಇಲ್ಲ, ಅದರ ಕೈಗೆ ಬರುವುದು ಒಂದು ಟೆಕ್ಸ್ಟ್ ನೋಡ್ (ಮರದಲ್ಲಿನ ಪಠ್ಯದ ತುಂಡು) ಮಾತ್ರ. ಉದಾಹರಣೆಗೆ

<ವಿವರ>ಕ &#60; ಖ ಆದರೆ ನಿಲ್ಲಿಸಿ</ವಿವರ>

ಇದನ್ನು ಓದಿದ ಮೇಲೆ ನೋಡ್‌ನಲ್ಲಿ ಉಳಿಯುವುದು “ಕ < ಖ ಆದರೆ ನಿಲ್ಲಿಸಿ” ಎನ್ನುವ ಸಾಲು. ಸಿಡೇಟಾದಲ್ಲಿ ನೇರವಾಗಿ < ಬರೆದಿದ್ದರೂ ಉಳಿಯುವುದು ಅದೇ. ಪುಟಕ್ಕೆ ಬರೆಯುವಾಗ ಪ್ರೊಸೆಸರ್ ಆ < ಅನ್ನು ಮತ್ತೆ ಎಸ್ಕೇಪ್ ಮಾಡುತ್ತದೆ, ಮಾಡಬೇಕಾದ್ದೂ ಅದನ್ನೇ. ಹಾಗಾಗಿ ಪರದೆಯಲ್ಲಿ ಟ್ಯಾಗ್ ಅಕ್ಷರಗಳಾಗಿ ಕಾಣುವುದು ದೋಷವಲ್ಲ. ನೀವು ಪಠ್ಯ ಎಂದು ಕೊಟ್ಟಿರಿ, ಅದು ಪಠ್ಯವನ್ನೇ ತೋರಿಸಿತು.

ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್ ಬಗ್ಗೆ ಹೇಳುವುದಾದರೆ, 1999ರ ಎಕ್ಸ್‌ಎಸ್‌ಎಲ್‌ಟಿ 1.0 ನಿರ್ದಿಷ್ಟತೆಯಲ್ಲೇ ಪ್ರೊಸೆಸರ್ ಇದನ್ನು ಪಾಲಿಸಲೇಬೇಕು ಎಂದಿಲ್ಲ. 2007ರ 2.0ರಲ್ಲಿ ಇದನ್ನು ಬಳಕೆಯಿಂದ ಸರಿಸಬೇಕಾದ ಪಟ್ಟಿಗೆ ಹಾಕಿದರು. ಕಾರಣ ಸರಳ. ಫಲಿತಾಂಶವನ್ನು ಅಕ್ಷರಗಳಾಗಿ ಬರೆದು ಹಾಕುವ ಕೊನೇ ಹಂತ ಇದ್ದರೆ ಮಾತ್ರ ಅದಕ್ಕೆ ಅರ್ಥ. ಫಲಿತಾಂಶ ಮರವಾಗಿಯೇ ಮುಂದಿನ ಹಂತಕ್ಕೆ ಹೋದರೆ ಎಸ್ಕೇಪ್ ಮಾಡುವ ಹಂತವೇ ಇಲ್ಲ, ನಿಲ್ಲಿಸುವುದು ಏನನ್ನು? ಫೈರ್‌ಫಾಕ್ಸ್ ತನ್ನೊಳಗಿನ ಎಕ್ಸ್‌ಎಸ್‌ಎಲ್‌ಟಿಯಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವುದು ಇದೇ ಕಾರಣಕ್ಕೆ.

ಹಳೇಸರ್ವರ್

ಮರದಕೊಂಬೆ ಅವರು ಹೇಳಿದ್ದು ಶಾಸ್ತ್ರದ ಪ್ರಕಾರ ಸರಿ. ಆದರೆ ಹೊಸಪುಟ ಅವರ ಪುಟ ತಯಾರಾಗುವುದು ಸರ್ವರ್‌ನಲ್ಲಿ, ಪ್ರೊಸೆಸರ್ ಅವರ ಕೈಯಲ್ಲೇ ಇದೆ. ಅಲ್ಲಿ ಅದು ಕೆಲಸ ಮಾಡುತ್ತದೆ ಎಂದಾದ ಮೇಲೆ ಬಳಸುವುದರಲ್ಲಿ ಏನು ತೊಂದರೆ? ಆರ್‌ಎಸ್‌ಎಸ್ ಫೀಡ್‌ಗಳು (ತಾಣದ ಹೊಸ ಬರಹಗಳನ್ನು ಎಕ್ಸ್‌ಎಂಎಲ್‌ನಲ್ಲಿ ಹಂಚುವ ಪಟ್ಟಿಗಳು) ಇಷ್ಟು ವರ್ಷ ಹೀಗೇ ನಡೆದಿವೆ. ಡಿಸ್ಕ್ರಿಪ್ಷನ್ ಒಳಗೆ ಎಸ್ಕೇಪ್ ಮಾಡಿದ ಎಚ್‌ಟಿಎಂಎಲ್ ಇಡುತ್ತಾರೆ, ಓದುವ ತಂತ್ರಾಂಶ ಬಿಚ್ಚಿ ತೋರಿಸುತ್ತದೆ.

ಮರದಕೊಂಬೆ

ಆರ್‌ಎಸ್‌ಎಸ್ ಉದಾಹರಣೆ ಕೊಟ್ಟಿದ್ದು ಒಳ್ಳೆಯದಾಯಿತು, ಏಕೆಂದರೆ ಅಲ್ಲಿ ಆದ ಗೊಂದಲವೇ ನಮಗೆ ಪಾಠ. ಶೀರ್ಷಿಕೆಯೊಳಗೆ ಇರುವುದು ಸಾದಾ ಪಠ್ಯವೋ ಎಚ್‌ಟಿಎಂಎಲ್ಲೋ ಎಂದು ಆರ್‌ಎಸ್‌ಎಸ್ 2.0 ಸ್ಪಷ್ಟವಾಗಿ ಹೇಳಲಿಲ್ಲ. ಒಂದೊಂದು ಓದುಗ ತಂತ್ರಾಂಶ ಒಂದೊಂದು ಥರ ಊಹಿಸಿತು. 2005ರ ಆಟಮ್ ಮಾನದಂಡ, ಅಂದರೆ ಆರ್‌ಎಫ್‌ಸಿ 4287, ಇದನ್ನು ಬಗೆಹರಿಸಿದ್ದು ಒಂದೇ ಒಂದು ಆಟ್ರಿಬ್ಯೂಟ್‌ನಿಂದ. ಟೈಪ್ ಎನ್ನುವುದರಲ್ಲಿ ಟೆಕ್ಸ್ಟ್ ಇದ್ದರೆ ಅಕ್ಷರಗಳನ್ನು ಹಾಗೇ ತೋರಿಸು. ಎಚ್‌ಟಿಎಂಎಲ್ ಇದ್ದರೆ ಒಳಗಿನದು ಎಸ್ಕೇಪ್ ಆದ ಎಚ್‌ಟಿಎಂಎಲ್, ಬಿಚ್ಚಿದ ಮೇಲೆ ಎಚ್‌ಟಿಎಂಎಲ್ ಪಾರ್ಸರ್‌ಗೆ ಕೊಡು. ಎಕ್ಸ್‌ಎಚ್‌ಟಿಎಂಎಲ್ ಇದ್ದರೆ ಒಳಗೆ ನಿಜವಾದ ನೋಡ್‌ಗಳಿವೆ, ಅವೆಲ್ಲ ಒಂದೇ ಡಿವ್ ಒಳಗಿರಬೇಕು.

ಹೊಸಪುಟ ಅವರೇ, ನಿಮ್ಮ ‘ವಿವರ’ಕ್ಕೂ ಇಂಥದೊಂದು ಆಟ್ರಿಬ್ಯೂಟ್ ಇಂದೇ ಹಾಕಿ. ಬೇರೆ ಏನು ಮಾಡದಿದ್ದರೂ ಇದನ್ನು ಮಾಡಿ.

ಕಾವಲುಗಣ್ಣು

ಇಷ್ಟು ಹೊತ್ತು ಮಾತಾಡಿದ್ದು ಪಾರ್ಸರ್ ಬಗ್ಗೆ. ಬರೆದವರು ಬಳಕೆದಾರರು ಎನ್ನುವುದನ್ನು ಯಾರೂ ಎತ್ತಲಿಲ್ಲ. ನನಗೆ ಆತಂಕ ಇರುವುದು ಅಲ್ಲಿಯೇ.

ಎಸ್ಕೇಪ್ ಮಾಡುವುದು ಎಕ್ಸ್‌ಎಂಎಲ್ ಪಾರ್ಸರ್‌ಗಾಗಿ. ಶುದ್ಧ ಮಾಡುವುದು, ಅಂದರೆ ಸ್ಯಾನಿಟೈಸ್ ಮಾಡುವುದು, ಓದುವವರ ಬ್ರೌಸರ್ ಸಲುವಾಗಿ. ಒಂದನ್ನು ಮಾಡಿದರೆ ಇನ್ನೊಂದು ಆದ ಹಾಗಲ್ಲ. ಎಸ್ಕೇಪ್ ಆಗಿ ಭದ್ರವಾಗಿ ಕುಳಿತಿದ್ದ ಪಠ್ಯವನ್ನು ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್ ಹಾಕಿ ನೇರ ಪುಟಕ್ಕೆ ಸುರಿದರೆ, ಒಬ್ಬ ಬಳಕೆದಾರ ಬರೆದ ಸ್ಕ್ರಿಪ್ಟ್ ಉಳಿದವರೆಲ್ಲರ ಲಾಗಿನ್‌ನಲ್ಲಿ ಓಡುತ್ತದೆ.

“ಸ್ಕ್ರಿಪ್ಟ್ ಟ್ಯಾಗ್ ಹುಡುಕಿ ಕಿತ್ತುಹಾಕಿದರೆ ಸಾಕಲ್ಲವೇ” ಎಂದು ಯಾರಾದರೂ ಕೇಳುವ ಮುಂಚೆಯೇ ಹೇಳುತ್ತೇನೆ, ಸಾಲದು. ಇನ್ನರ್‌ಎಚ್‌ಟಿಎಂಎಲ್ (ಪುಟದೊಳಗೆ ಎಚ್‌ಟಿಎಂಎಲ್ ತುಂಬುವ ಬ್ರೌಸರ್ ಸೌಲಭ್ಯ) ಮೂಲಕ ಸೇರಿಸಿದ ಸ್ಕ್ರಿಪ್ಟ್ ಟ್ಯಾಗ್ ಓಡುವುದೇ ಇಲ್ಲ. ಆದರೆ ಇಲ್ಲದ ಚಿತ್ರದ ವಿಳಾಸ ಕೊಟ್ಟ ಐಎಂಜಿ ಟ್ಯಾಗ್‌ನಲ್ಲಿ ಆನ್‌ಎರರ್ ಇದ್ದರೆ ಅದು ತಪ್ಪದೆ ಓಡುತ್ತದೆ. ಲಿಂಕ್‌ನ ವಿಳಾಸ ಜಾವಾಸ್ಕ್ರಿಪ್ಟ್ ಎಂದು ಶುರುವಾಗಬಹುದು, ಎಸ್‌ವಿಜಿಯಲ್ಲಿ ಆನ್‌ಲೋಡ್ ಇರಬಹುದು.

2005ರ ಅಕ್ಟೋಬರ್‌ನಲ್ಲಿ ಮೈಸ್ಪೇಸ್‌ನಲ್ಲಿ ಹರಡಿದ ಸ್ಯಾಮಿ ವರ್ಮ್ ಇದಕ್ಕೆ ದಾಖಲಾದ ಸಾಕ್ಷಿ. ಜಾವಾಸ್ಕ್ರಿಪ್ಟ್ ಎನ್ನುವ ಪದವನ್ನು ಆ ತಾಣ ಸೋಸುತ್ತಿತ್ತು. ಸ್ಯಾಮಿ ಕಾಮ್‌ಕಾರ್ ಆ ಪದದ ನಡುವೆ ಒಂದು ಹೊಸ ಸಾಲು ಹಾಕಿದರು. ಸೋಸುವ ಕೋಡ್‌ಗೆ ಪದ ಸಿಗಲಿಲ್ಲ, ಆಗಿನ ಕೆಲವು ಬ್ರೌಸರ್‌ಗಳು ಸಾಲು ಮುರಿದಿದ್ದನ್ನು ಲೆಕ್ಕಿಸದೆ ಓಡಿಸಿದವು. 20 ಗಂಟೆಯೊಳಗೆ 10 ಲಕ್ಷಕ್ಕೂ ಹೆಚ್ಚು ಖಾತೆಗಳಿಗೆ ತಲುಪಿತು.

ಹಾಗಾಗಿ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಬೇಡವೇ ಬೇಡ. ಬ್ರೌಸರ್ ಓದುವ ರೀತಿಯಲ್ಲೇ ಎಚ್‌ಟಿಎಂಎಲ್ ಓದುವ ಪಾರ್ಸರ್‌ನಿಂದ ಮರ ಕಟ್ಟಿ, ಅನುಮತಿ ಕೊಟ್ಟ ಟ್ಯಾಗ್ ಮತ್ತು ಆಟ್ರಿಬ್ಯೂಟ್ ಮಾತ್ರ ಉಳಿಸಿ, ಮಿಕ್ಕಿದ್ದನ್ನು ಬಿಡಿ. ಕೆಟ್ಟದ್ದರ ಪಟ್ಟಿ ಎಂದೂ ಪೂರ್ತಿಯಾಗುವುದಿಲ್ಲ, ಬೇಕಾದದ್ದರ ಪಟ್ಟಿ ಚಿಕ್ಕದು. ಜಾವಾದಲ್ಲಿ ಜೆಸೂಪ್‌ನ ಸೇಫ್‌ಲಿಸ್ಟ್ ಇದೆ, ಓವಾಸ್ಪ್ ಜಾವಾ ಎಚ್‌ಟಿಎಂಎಲ್ ಸ್ಯಾನಿಟೈಸರ್ ಇದೆ. ಬ್ರೌಸರ್ ಕಡೆಗಾದರೆ ಡಾಮ್‌ಪ್ಯೂರಿಫೈ, ಪಿಎಚ್‌ಪಿಗೆ ಎಚ್‌ಟಿಎಂಎಲ್ ಪ್ಯೂರಿಫೈಯರ್. ಪೈಥಾನ್‌ನವರು ಬ್ಲೀಚ್ ಬಳಸುತ್ತಿದ್ದರೆ ಅದರ ನಿರ್ವಾಹಕರೇ 2023ರಲ್ಲಿ ಬಳಕೆಯಿಂದ ಸರಿಯುತ್ತಿದೆ ಎಂದು ಘೋಷಿಸಿದ್ದನ್ನು ಗಮನಿಸಿ. ಎನ್‌ಎಚ್3 ನೋಡಬಹುದು.

ಹಳೇಸರ್ವರ್

ಒಪ್ಪಿದೆ. ಹಾಗಾದರೆ ಒಳಗೆ ತೆಗೆದುಕೊಳ್ಳುವಾಗಲೇ ಶುದ್ಧ ಮಾಡಿ ಇಟ್ಟುಬಿಟ್ಟರೆ ಮುಗಿಯಿತಲ್ಲ. ಕಡತ ಒಂದು, ಓದುವ ಪ್ರೋಗ್ರಾಂ ಹತ್ತು. ಪುಟ ತಯಾರಿಸುವುದು ಒಂದು, ಇಮೇಲ್ ಕಳಿಸುವುದು ಇನ್ನೊಂದು, ವರದಿ ತೆಗೆಯುವುದು ಮತ್ತೊಂದು. ಎಲ್ಲರೂ ತೋರಿಸುವ ಮುಂಚೆ ನೆನಪಿಟ್ಟು ಶುದ್ಧ ಮಾಡುತ್ತಾರೆ ಎಂದು ನಂಬುವುದು ಹೇಗೆ?

ಕಾವಲುಗಣ್ಣು

ನಿಮ್ಮ ವಾದದಲ್ಲಿ ಹುರುಳಿದೆ, ತಳ್ಳಿಹಾಕುವುದಿಲ್ಲ. ಆದರೆ ಒಳಗೆ ಬರುವಾಗ ಶುದ್ಧ ಮಾಡಿ ಮೂಲವನ್ನು ಎಸೆದರೆ ಎರಡು ನಷ್ಟ. ನಿಯಮ ವಿಪರೀತ ಬಿಗಿಯಾಗಿತ್ತು, ಟೇಬಲ್ ಟ್ಯಾಗ್‌ಗಳೆಲ್ಲ ಹೋಗಿವೆ ಎಂದು ಆಮೇಲೆ ಗೊತ್ತಾದರೆ ಬಳಕೆದಾರರು ಬರೆದಿದ್ದು ವಾಪಸ್ ಬರುವುದಿಲ್ಲ. ಅದಕ್ಕಿಂತ ದೊಡ್ಡದು, ಶುದ್ಧ ಮಾಡುವ ಲೈಬ್ರರಿಯಲ್ಲೇ ನಾಳೆ ಒಂದು ತೂತು ಸಿಕ್ಕಿ ಸರಿಪಡಿಸಿದರು ಎನ್ನಿ. ಹೊಸ ಟಿಪ್ಪಣಿಗಳಿಗೆ ರಕ್ಷಣೆ ಸಿಗುತ್ತದೆ, ಕಡತದಲ್ಲಿ ಆಗಲೇ ಕುಳಿತಿರುವುದಕ್ಕೆ ಸಿಗುವುದಿಲ್ಲ.

2013ರಲ್ಲಿ ಎಂಎಕ್ಸ್‌ಎಸ್‌ಎಸ್ ಎಂದು ಹೆಸರಿಟ್ಟು ಸಂಶೋಧಕರು ತೋರಿಸಿದ ದಾಳಿಗಳು ಈ ಜಾತಿಯವೇ. ಶುದ್ಧ ಮಾಡಿದಾಗ ಮರದಲ್ಲಿ ಕೆಟ್ಟದ್ದು ಏನೂ ಇರುವುದಿಲ್ಲ. ಅದನ್ನು ಅಕ್ಷರಗಳಾಗಿ ಬರೆದು ಬ್ರೌಸರ್ ಮತ್ತೆ ಓದಿದಾಗ ಆಕಾರ ಬದಲಾಗಿ ಕೆಟ್ಟದ್ದು ಮೂಡುತ್ತದೆ. ಶುದ್ಧ ಮಾಡಿದ ಮೇಲೆ ಎಷ್ಟು ಕಡಿಮೆ ಸಲ ಬರೆದು ಓದುತ್ತೇವೋ ಅಷ್ಟು ಒಳ್ಳೆಯದು. ತೋರಿಸುವ ಹಂತಕ್ಕೆ ಹತ್ತಿರ ಶುದ್ಧ ಮಾಡಿ ಎನ್ನುವುದು ಅದಕ್ಕೇ.

ನಿಮ್ಮ ಹತ್ತು ಪ್ರೋಗ್ರಾಂಗಳ ಸಮಸ್ಯೆಗೆ ನನ್ನ ಉತ್ತರ: ಮೂಲವನ್ನು ಪಠ್ಯವಾಗಿ ಇಡಿ, ಪಕ್ಕದಲ್ಲೇ ಶುದ್ಧವಾದ ಪ್ರತಿಯನ್ನೂ ಇಡಿ, ಯಾವ ನಿಯಮಾವಳಿಯಿಂದ ಶುದ್ಧವಾಯಿತು ಎನ್ನುವ ಆವೃತ್ತಿ ಸಂಖ್ಯೆಯನ್ನು ಆಟ್ರಿಬ್ಯೂಟ್‌ನಲ್ಲಿ ಬರೆದಿಡಿ. ನಿಯಮ ಬದಲಾದಾಗ ಮೂಲದಿಂದ ಮತ್ತೆ ತಯಾರಿಸಿ. ಓದುವವರಿಗೆ ಶುದ್ಧ ಪ್ರತಿ ಮಾತ್ರ ಸಿಗಲಿ.

ಹಳೇಸರ್ವರ್

ಇದು ನಡೆಯುತ್ತದೆ. ಮೂಲ ಪ್ರತಿಯನ್ನು ಬೇರೆ ಕಡತದಲ್ಲೇ ಇಟ್ಟರೆ ಇನ್ನೂ ವಾಸಿ, ಯಾರೂ ಅಪ್ಪಿತಪ್ಪಿಯೂ ಅದನ್ನು ತೋರಿಸುವುದಿಲ್ಲ.

ಅಕ್ಷರಜೀವಿ

ಪಠ್ಯವಾಗಿ ಇಡುತ್ತೇವೆ ಎಂದರೆ ಏನು ಬೇಕಾದರೂ ಹಿಡಿಸುತ್ತದೆ ಎಂದುಕೊಳ್ಳಬೇಡಿ. ಎಕ್ಸ್‌ಎಂಎಲ್ 1.0ರಲ್ಲಿ ಕೆಲವು ಅಕ್ಷರಗಳಿಗೆ ಪ್ರವೇಶವೇ ಇಲ್ಲ. ಯೂನಿಕೋಡ್‌ನ ಮೊದಲ 32 ನಿಯಂತ್ರಣ ಅಕ್ಷರಗಳಲ್ಲಿ ಟ್ಯಾಬ್, ಲೈನ್‌ಫೀಡ್, ಕ್ಯಾರೇಜ್ ರಿಟರ್ನ್ ಈ ಮೂರಕ್ಕೆ ಮಾತ್ರ ಅವಕಾಶ. ಉಳಿದವನ್ನು &#11; ಎಂದು ಸಂಖ್ಯೆಯಲ್ಲಿ ಬರೆದರೂ ತಪ್ಪೇ, ಸಿಡೇಟಾದಲ್ಲಿ ಇಟ್ಟರೂ ತಪ್ಪೇ. ವರ್ಡ್ ಪ್ರೊಸೆಸರ್‌ನಿಂದ ನಕಲು ಮಾಡಿ ಅಂಟಿಸಿದ ಪಠ್ಯದಲ್ಲಿ ಈ 11, ಅಂದರೆ ವರ್ಟಿಕಲ್ ಟ್ಯಾಬ್, ಆಗಾಗ ಸೇರಿಕೊಂಡಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಡತ ಮಾತ್ರ ತೆರೆಯುವುದಿಲ್ಲ. ಬರೆಯುವ ಮುಂಚೆ ಇಂಥವನ್ನು ತೆಗೆಯಿರಿ.

ಹಾಗೆಂದು “ಕಾಣದ ಅಕ್ಷರ ಎಲ್ಲ ತೆಗೆ” ಎನ್ನುವ ಸಿದ್ಧ ಫಂಕ್ಷನ್ ಹಾಕಿದರೆ ಕನ್ನಡ ಪಠ್ಯ ಕೆಡುತ್ತದೆ. ಅರ್ಧಾಕ್ಷರವನ್ನು ಮುಂದಿನದಕ್ಕೆ ಒತ್ತಾಗದಂತೆ ತಡೆಯುವ ಜಡ್‌ಡಬ್ಲ್ಯೂಎನ್‌ಜೆ, ಸಂಖ್ಯೆಯಲ್ಲಿ &#8204;, ಅದೂ ಕಾಣದ ಅಕ್ಷರವೇ. ಅದು ಹೋದರೆ ‘ಬ್ರೌಸರ್‌ನಲ್ಲಿ’ ಎಂದು ಬರೆದದ್ದು ‘ಬ್ರೌಸರ್ನಲ್ಲಿ’ ಎಂದು ಒತ್ತು ಕೂಡಿಕೊಂಡು ಕಾಣುತ್ತದೆ. ಅದನ್ನು ಮುಟ್ಟಬೇಡಿ.

ಎನ್‌ಕೋಡಿಂಗ್ ಕೂಡ ನೋಡಿಕೊಳ್ಳಿ. ಔಟ್‌ಪುಟ್ ಎನ್‌ಕೋಡಿಂಗ್ ಯುಎಸ್-ಆಸ್ಕಿ ಎಂದಿದ್ದರೆ ಪ್ರತಿ ಕನ್ನಡ ಅಕ್ಷರವೂ ಸಂಖ್ಯೆಯಾಗುತ್ತದೆ. ‘ಕ’ ಎನ್ನುವುದು &#3221; ಆಗುತ್ತದೆ. ಯುಟಿಎಫ್-8ರಲ್ಲಿ 3 ಬೈಟ್ ಇದ್ದದ್ದು 7 ಬೈಟ್. ಅರ್ಥ ಕೆಡುವುದಿಲ್ಲ, ಆದರೆ ಕಡತ ಉಬ್ಬುತ್ತದೆ, ಎಡಿಟರ್‌ನಲ್ಲಿ ತೆರೆದರೆ ಓದಲಾಗುವುದಿಲ್ಲ, ಗ್ರೆಪ್‌ನಿಂದ ಹುಡುಕಿದರೆ ಏನೂ ಸಿಗುವುದಿಲ್ಲ.

ಮುಂಬದಿ

ಸಿಡೇಟಾ ಬಗ್ಗೆ ಒಂದು ಮಾತು. ಅದರೊಳಗೆ ]]> ಬರುವ ಹಾಗಿಲ್ಲ, ಬಂದರೆ ವಿಭಾಗ ಅಲ್ಲಿಗೇ ಮುಗಿಯುತ್ತದೆ. ಅದನ್ನು ಯಾರು ಬರೆಯುತ್ತಾರೆ ಎಂದು ಕೇಳುವವರಿದ್ದಾರೆ. ಕೋಡ್ ಬಗ್ಗೆ ಟಿಪ್ಪಣಿ ಬರೆಯುವ ಯಾರೇ ಆದರೂ ಬರೆಯಬಹುದು:

ಅಂಕ[ಸಾಲು[0]]>5

ಇದು ಸಾಮಾನ್ಯ ಹೋಲಿಕೆ, ದುರುದ್ದೇಶ ಏನೂ ಇಲ್ಲ. ದುರುದ್ದೇಶ ಇದ್ದವರಿಗಂತೂ ಇದೇ ಬಾಗಿಲು. ವಿಭಾಗವನ್ನು ತಾವೇ ಮುಚ್ಚಿ ಆಮೇಲೆ ತಮಗೆ ಬೇಕಾದ ಎಲಿಮೆಂಟ್ ಬರೆದು ನಿಮ್ಮ ಕಡತದ ರಚನೆಯನ್ನೇ ಬದಲಿಸಬಹುದು. ಸಿಡೇಟಾ ಬೇಕೇಬೇಕು ಎಂದರೆ ]] ಆದಮೇಲೆ ಒಂದು ವಿಭಾಗ ಮುಗಿಸಿ > ಇಂದ ಹೊಸ ವಿಭಾಗ ಶುರುಮಾಡಬೇಕು. ಸುಮ್ಮನೆ ಎಸ್ಕೇಪ್ ಮಾಡುವುದು ವಾಸಿ. ಇನ್ನೂ ವಾಸಿ ಎಂದರೆ ಸ್ಟ್ರಿಂಗ್ ಅಂಟಿಸುವುದನ್ನೇ ಬಿಟ್ಟು ಎಕ್ಸ್‌ಎಂಎಲ್ ಬರೆಯುವ ಲೈಬ್ರರಿಗೆ ಕೊಡುವುದು. ಅದು ಎಸ್ಕೇಪ್ ಅನ್ನು ತಾನೇ ಸರಿಯಾಗಿ, ಒಂದೇ ಸಲ ಮಾಡುತ್ತದೆ.

ಬ್ರೌಸರ್‌ನಲ್ಲೇ ಎಕ್ಸ್‌ಎಂಎಲ್ ತರಿಸಿ ತೋರಿಸುವವರಿಗೆ ಇನ್ನೊಂದು ವಿಚಾರ. ಡಾಮ್‌ಪಾರ್ಸರ್‌ನಿಂದ ಓದಿ, ‘ವಿವರ’ದ ಒಳಗಿನ ಬಿ ನೋಡ್ ಅನ್ನು ಇಂಪೋರ್ಟ್‌ನೋಡ್ ಮಾಡಿ ಪುಟಕ್ಕೆ ಸೇರಿಸಿದರೆ ಅಕ್ಷರ ದಪ್ಪ ಆಗುವುದಿಲ್ಲ. ಇನ್‌ಸ್ಪೆಕ್ಟರ್‌ನಲ್ಲಿ ನೋಡಿದರೆ ಬಿ ಎಂದೇ ಇರುತ್ತದೆ. ಅದರ ನೇಮ್‌ಸ್ಪೇಸ್, ಅಂದರೆ ಎಲಿಮೆಂಟ್ ಯಾವ ಭಾಷೆಗೆ ಸೇರಿದ್ದು ಎನ್ನುವ ಗುರುತು, ಖಾಲಿ ಇರುವುದೇ ಕಾರಣ. ಬ್ರೌಸರ್‌ನ ಮಟ್ಟಿಗೆ ಎಕ್ಸ್‌ಎಚ್‌ಟಿಎಂಎಲ್ ನೇಮ್‌ಸ್ಪೇಸ್ ಇಲ್ಲದ ಬಿ ಅಂದರೆ ಹೆಸರಷ್ಟೇ ಬಿ, ಎಚ್‌ಟಿಎಂಎಲ್ ಎಲಿಮೆಂಟ್ ಅಲ್ಲ. ಲಿಂಕ್ ಕೂಡ ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಕಡತ ತಪ್ಪಾಗಿದ್ದರೆ ಡಾಮ್‌ಪಾರ್ಸರ್ ಎಕ್ಸೆಪ್ಷನ್ ಎಸೆಯುವುದೂ ಇಲ್ಲ, ಪಾರ್ಸರ್‌ಎರರ್ ಎನ್ನುವ ಎಲಿಮೆಂಟ್ ಇರುವ ದಾಖಲೆ ಕೊಡುತ್ತದೆ. ಅದನ್ನು ನೀವೇ ಹುಡುಕಬೇಕು.

ಬ್ರೌಸರ್‌ನ ಒಳಗಿನ ಎಕ್ಸ್‌ಎಸ್‌ಎಲ್‌ಟಿ ನೆಚ್ಚಿಕೊಂಡು ಹೊಸದೇನೂ ಕಟ್ಟಬೇಡಿ. ಅದನ್ನು ತೆಗೆದುಹಾಕುವ ಯೋಜನೆಯನ್ನು ಕ್ರೋಮ್ ತಂಡ 2025ರಲ್ಲೇ ಪ್ರಕಟಿಸಿದೆ. ಸರ್ವರ್‌ನಲ್ಲಿ ಓಡಿಸುವವರಿಗೆ ಆ ಚಿಂತೆ ಇಲ್ಲ.

ಹೊಸಪುಟ

ಎಲ್ಲರಿಗೂ ತುಂಬಾ ಧನ್ಯವಾದ. ತಂಡದ ಜೊತೆ ಕುಳಿತು ಹೀಗೆ ನಿರ್ಧರಿಸಿದ್ದೇವೆ. ಮೂಲವನ್ನು ಬೇರೆ ಕಡತದಲ್ಲಿ ಪಠ್ಯವಾಗಿ ಇಡುತ್ತೇವೆ, ಟೈಪ್ ಆಟ್ರಿಬ್ಯೂಟ್ ಇರುತ್ತದೆ. ಉಳಿಸುವಾಗ ಜೆಸೂಪ್‌ನಿಂದ ಓದಿ ಸೇಫ್‌ಲಿಸ್ಟ್ ಪ್ರಕಾರ ಶುದ್ಧ ಮಾಡಿ, ಬಂದ ಮರವನ್ನು ನೋಡ್‌ಗಳಾಗಿಯೇ ಪ್ರದರ್ಶನದ ಕಡತದ ‘ವಿವರ’ಕ್ಕೆ ಸೇರಿಸಿ, ನಿಯಮದ ಆವೃತ್ತಿ ಬರೆಯುತ್ತೇವೆ. ಎಕ್ಸ್‌ಎಸ್‌ಎಲ್‌ಟಿಯಲ್ಲಿ ವ್ಯಾಲ್ಯೂ-ಆಫ್ ತೆಗೆದು, ನೋಡ್‌ಗಳನ್ನು ಹಾಗೇ ನಕಲಿಸುವ ಕಾಪಿ-ಆಫ್ ಹಾಕುತ್ತೇವೆ. ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್ ಪೂರ್ತಿ ಹೋಗುತ್ತದೆ. ನೋಡ್‌ಗಳಾಗಿ ಇಟ್ಟಿದ್ದರಿಂದ ‘ಯಾವ ಟಿಪ್ಪಣಿಯಲ್ಲಿ ಹೊರಗಿನ ಲಿಂಕ್ ಇದೆ’ ಎಂದು ಎಕ್ಸ್‌ಪಾತ್‌ನಲ್ಲೇ (ಮರದೊಳಗೆ ಹುಡುಕುವ ಭಾಷೆ) ಹುಡುಕಬಹುದು ಎನ್ನುವುದು ನಮಗೆ ಸಿಕ್ಕ ಲಾಭ.

ಎರಡು ಪ್ರಶ್ನೆ ಉಳಿದಿವೆ. ಹಳೆಯ ಕಡತಗಳಲ್ಲಿ ಕೆಲವು ಟಿಪ್ಪಣಿ ಒಂದು ಸಲ ಎಸ್ಕೇಪ್ ಆಗಿವೆ, ಕೆಲವು ಎರಡು ಸಲ ಆಗಿ &#38;#60; ಎಂದು ಕುಳಿತಿವೆ. ಇನ್ನು ಬಿಚ್ಚಲು ಏನೂ ಇಲ್ಲ ಎನ್ನುವವರೆಗೆ ಲೂಪ್‌ನಲ್ಲಿ ಬಿಚ್ಚಿದರೆ ಆಗುತ್ತದಾ? ಇನ್ನೊಂದು, ಪರೀಕ್ಷೆಯಲ್ಲಿ ಒಂದು ಪುಟದ ಅರ್ಧ ಭಾಗ ಬೂದು ಬಣ್ಣದ ಚೌಕದೊಳಗೆ ಹೋಗಿ ಕುಳಿತಿದೆ. ಟಿಪ್ಪಣಿಯಲ್ಲಿ ಬಳಕೆದಾರರು ಖಾಲಿ ಬಿಟ್ಟ ಒಂದು ಡಿವ್ ಇತ್ತು, ಅಷ್ಟೇ.

ಕಾವಲುಗಣ್ಣು

ಲೂಪ್ ಬೇಡ. ಎಚ್‌ಟಿಎಂಎಲ್ ಬರೆಯುವುದು ಹೇಗೆ ಎಂದೇ ಯಾರಾದರೂ ಟಿಪ್ಪಣಿ ಬರೆದಿದ್ದರೆ, ಅವರು ಅಕ್ಷರವಾಗಿ ತೋರಿಸಲೆಂದು ಇಟ್ಟ ಟ್ಯಾಗ್ ನಿಜವಾದ ಟ್ಯಾಗ್ ಆಗಿಬಿಡುತ್ತದೆ. ಎಷ್ಟು ಸಲ ಎಸ್ಕೇಪ್ ಆಯಿತು ಎನ್ನುವುದು ಪಠ್ಯವನ್ನು ನೋಡಿ ಹೇಳಲಾಗದು, ಅದನ್ನು ಬರೆದ ಕೋಡ್ ನೋಡಿಯೇ ಹೇಳಬೇಕು. ನಿಮ್ಮ ಕೋಡ್ ಇತಿಹಾಸದಲ್ಲಿ ಎರಡನೇ ಎಸ್ಕೇಪ್ ಯಾವಾಗ ಸೇರಿತು, ಯಾವಾಗ ಹೋಯಿತು ಎಂದು ಪತ್ತೆಮಾಡಿ, ಆ ಅವಧಿಯಲ್ಲಿ ಉಳಿಸಿದ ಟಿಪ್ಪಣಿಗಳಿಗೆ ಮಾತ್ರ ಒಂದು ಸಲ ಹೆಚ್ಚಿಗೆ ಬಿಚ್ಚಿ. ದಿನಾಂಕ ಇಲ್ಲದವು ಸಿಕ್ಕರೆ ಅವನ್ನು ಒಂದು ಕಡೆ ಇಟ್ಟು ಕಣ್ಣಲ್ಲಿ ನೋಡಿ. ಬಿಚ್ಚಿದ್ದೆಲ್ಲ ಶುದ್ಧ ಮಾಡುವ ಹಂತದ ಮೂಲಕವೇ ಹಾದುಬರಲಿ.

ಜೊತೆಗೆ ಪುಟಕ್ಕೆ ಕಂಟೆಂಟ್ ಸೆಕ್ಯೂರಿಟಿ ಪಾಲಿಸಿ ಹೆಡರ್ ಹಾಕಿ, ಪುಟದೊಳಗೆ ಬರೆದ ಸ್ಕ್ರಿಪ್ಟ್‌ಗೆ ಅನುಮತಿ ಕೊಡಬೇಡಿ. ಸೋಸುವಾಗ ಏನಾದರೂ ನುಸುಳಿದರೂ ಬ್ರೌಸರ್ ತಡೆಯುತ್ತದೆ. ಬಳಕೆದಾರರ ಎಚ್‌ಟಿಎಂಎಲ್ ಅನ್ನು ಎಕ್ಸ್‌ಎಂಎಲ್ ಪಾರ್ಸರ್‌ಗೆ ನೇರ ಕೊಡುವ ಹಳೆಯ ಕೋಡ್ ಎಲ್ಲಾದರೂ ಉಳಿದಿದ್ದರೆ ಅಲ್ಲಿ ಡಿಟಿಡಿ (ಎಂಟಿಟಿಗಳನ್ನು ಘೋಷಿಸುವ ಭಾಗ) ನಿಷೇಧಿಸಿ. ಒಂದರೊಳಗೊಂದು ಹತ್ತು ಹತ್ತಾಗಿ ಬಿಚ್ಚಿಕೊಳ್ಳುವ ಎಂಟಿಟಿಗಳನ್ನು ಬರೆದು, ಒಂದು ಕಿಲೋಬೈಟ್‌ನಷ್ಟು ಪಠ್ಯದಿಂದ ನೂರು ಕೋಟಿ ಪ್ರತಿ ಹುಟ್ಟಿಸಿ ಮೆಮೊರಿ ಮುಗಿಸುವ ದಾಳಿ ಬಹಳ ಹಳೆಯದು.

ಮರದಕೊಂಬೆ

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ನಿಮ್ಮ ಎಕ್ಸ್‌ಎಸ್‌ಎಲ್ ಔಟ್‌ಪುಟ್‌ನಲ್ಲಿ ಮೆಥಡ್ (ಫಲಿತಾಂಶ ಬರೆಯುವ ರೀತಿ) ಎಕ್ಸ್‌ಎಂಎಲ್ ಎಂದಿರಬೇಕು, ಇಲ್ಲವೇ ಎಚ್‌ಟಿಎಂಎಲ್ ಎಂದಿದ್ದರೂ ನೋಡ್‌ಗಳಿಗೆ ನೇಮ್‌ಸ್ಪೇಸ್ ಇರಬೇಕು. ಎರಡೂ ಕಡೆ ಆಗುವುದು ಒಂದೇ. ಖಾಲಿ ಡಿವ್ ಅನ್ನು ಪ್ರೊಸೆಸರ್ ಎಕ್ಸ್‌ಎಂಎಲ್ ರೀತಿಯಲ್ಲಿ ತನ್ನಲ್ಲೇ ಮುಚ್ಚಿದ ಒಂದೇ ಟ್ಯಾಗ್ ಆಗಿ ಬರೆಯುತ್ತದೆ. ಎಕ್ಸ್‌ಎಂಎಲ್ ಪ್ರಕಾರ ಅದು ಮುಗಿದ ಎಲಿಮೆಂಟ್. ಬ್ರೌಸರ್‌ನ ಎಚ್‌ಟಿಎಂಎಲ್ ಪಾರ್ಸರ್ ಡಿವ್‌ನ ಕೊನೆಯ ಓರೆಗೆರೆಯನ್ನು ಲೆಕ್ಕಕ್ಕೇ ಇಡುವುದಿಲ್ಲ, ಡಿವ್ ತೆರೆಯಿತು ಎಂದಷ್ಟೇ ಓದುತ್ತದೆ. ಮುಂದಿನದೆಲ್ಲ ಅದರ ಹೊಟ್ಟೆಯೊಳಗೆ. ಟೆಕ್ಸ್ಟ್‌ಏರಿಯಾ ಆಗಿದ್ದರೆ ಪುಟದ ಉಳಿದ ಭಾಗ ಪೂರ್ತಿ ಅಕ್ಷರಗಳಾಗಿ ಅದರೊಳಗೆ ಸೇರುತ್ತಿತ್ತು.

ಎಕ್ಸ್‌ಎಸ್‌ಎಲ್‌ಟಿ 1.0ರಲ್ಲಿ ಎಚ್‌ಟಿಎಂಎಲ್ ಮೆಥಡ್ ತನ್ನ ನಿಯಮಗಳನ್ನು ಅನ್ವಯಿಸುವುದು ನೇಮ್‌ಸ್ಪೇಸ್ ಇಲ್ಲದ ಎಲಿಮೆಂಟ್‌ಗಳಿಗೆ ಮಾತ್ರ. ಮುಂಬದಿ ಅವರು ಬ್ರೌಸರ್ ಕಡೆಗೆ ಹೇಳಿದ್ದಕ್ಕೆ ಇದು ನೇರ ತಿರುಗುಮುರುಗು, ಕಲಸಿಕೊಳ್ಳಬೇಡಿ. ಬ್ರೌಸರ್ ಮರಕ್ಕೆ ನೋಡ್ ಸೇರಿಸುವಾಗ ನೇಮ್‌ಸ್ಪೇಸ್ ಬೇಕು, ಸರ್ವರ್‌ನಲ್ಲಿ 1.0 ಎಚ್‌ಟಿಎಂಎಲ್ ಮೆಥಡ್‌ಗೆ ಅದು ಇರಬಾರದು. ಜೆಸೂಪ್‌ನಿಂದ ಎಕ್ಸ್‌ಎಂಎಲ್ ಮರಕ್ಕೆ ದಾಟಿಸುವ ಡಬ್ಲ್ಯೂ3ಸಿಡಾಮ್ ಕ್ಲಾಸ್‌ನಲ್ಲಿ ನೇಮ್‌ಸ್ಪೇಸ್ ಬೇಡ ಎನ್ನಲು ಅವಕಾಶವಿದೆ. ಅಲ್ಲಿ ಆಗದಿದ್ದರೆ ಕಾಪಿ-ಆಫ್ ಬದಲು ಒಂದು ಸಣ್ಣ ಟೆಂಪ್ಲೇಟ್ ಬರೆದು, ಪ್ರತಿ ನೋಡ್‌ನ ಲೋಕಲ್-ನೇಮ್ ತೆಗೆದುಕೊಂಡು ಎಲಿಮೆಂಟ್ ಹೊಸದಾಗಿ ಕಟ್ಟಿ. 2.0ಕ್ಕೆ ಹೋಗುವ ಯೋಚನೆ ಇದ್ದರೆ ಅಲ್ಲಿ ಎಕ್ಸ್‌ಎಚ್‌ಟಿಎಂಎಲ್ ಎನ್ನುವ ಮೆಥಡ್ಡೇ ಇದೆ, ಖಾಲಿ ಡಿವ್‌ಗೆ ತೆರೆಯುವ ಮತ್ತು ಮುಚ್ಚುವ ಟ್ಯಾಗ್ ಎರಡನ್ನೂ ಬರೆಯುತ್ತದೆ.

ಹೊಸಪುಟ

ಮೆಥಡ್ ಎಚ್‌ಟಿಎಂಎಲ್ ಎಂದೇ ಇತ್ತು, ನೇಮ್‌ಸ್ಪೇಸ್ ಡಬ್ಲ್ಯೂ3ಸಿಡಾಮ್‌ನಿಂದ ಬರುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಖಾಲಿ ಡಿವ್ ಎರಡು ಟ್ಯಾಗ್‌ಗಳಾಗಿ ಬರೆಯುತ್ತಿದೆ, ಪುಟದ ಉಳಿದ ಭಾಗ ಚೌಕದಿಂದ ಆಚೆ ಬಂದಿದೆ. ಹಳೆಯ ಕಡತಗಳಿಗೆ ಕೋಡ್ ಇತಿಹಾಸ ತೆಗೆದು ನೋಡುವ ಕೆಲಸ ಶುರುಮಾಡಿದ್ದೇವೆ. ದಿನಾಂಕ ಇಲ್ಲದ ಟಿಪ್ಪಣಿಗಳನ್ನು ಸದ್ಯಕ್ಕೆ ಟೈಪ್ ಟೆಕ್ಸ್ಟ್ ಎಂದು ಗುರುತಿಸಿದ್ದೇವೆ. ಟ್ಯಾಗ್ ಅಕ್ಷರಗಳಾಗಿ ಕಂಡರೂ ಪರವಾಗಿಲ್ಲ, ಒಂದೊಂದನ್ನೇ ನೋಡಿ ಬದಲಿಸುತ್ತೇವೆ.